ಎರಡನೆಯ ದಿನದ ನೋವು

ಹೊಸದಾಗಿ ಓಟವನ್ನು ಆರಂಭಿಸಿದವರಿಗೆ ಓಡಿದ ದಿನ ನೋವು ಕಾಣಿಸುವುದಿಲ್ಲ. ಅಂದು ಏದುಸಿರು ಇರುತ್ತದೆ, ಬೆವರು ಇರುತ್ತದೆ, ಮನೆಗೆ ಬಂದು ಕುಳಿತಾಗ ಒಂದು ಬಗೆಯ ಉಲ್ಲಾಸವೂ ಇರುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲನ್ನು ನೆಲಕ್ಕಿಟ್ಟಾಗ ತೊಡೆಗಳು ಬಿಗಿದುಕೊಂಡಿರುವುದು ತಿಳಿಯುತ್ತದೆ. ಅದರ ಮರುದಿನವಂತೂ ಮೆಟ್ಟಿಲು ಇಳಿಯುವುದೇ ಒಂದು ಸಾಹಸವಾಗುತ್ತದೆ. ಬಹುಮಂದಿ ತಮ್ಮ ಓಟದ ಸಂಕಲ್ಪವನ್ನು ಕೈಬಿಡುವುದು ಇಲ್ಲಿಯೇ. ಓಡುವಾಗ ಆದ ಆಯಾಸದಿಂದಲ್ಲ, ಓಡದೆ ಕುಳಿತಿರುವಾಗ ಬಂದ ನೋವಿನಿಂದ ಅವರು ಹೆದರುತ್ತಾರೆ. ಏನೋ ಹರಿದುಹೋಗಿದೆ, ಏನೋ ಮುರಿದಿದೆ, ಈ ವಯಸ್ಸಿಗೆ ಇದು ತಕ್ಕುದಲ್ಲ ಎಂದು ಮನೆಯವರೂ ಹೇಳುತ್ತಾರೆ. ತಮಗೂ ಹಾಗೆಯೇ ಅನ್ನಿಸುತ್ತದೆ. ಈ ನೋವಿನ ಸ್ವರೂಪವೇನು, ಇದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿ ಬೆಳೆದವರು ನಾವು. ಓಟದ ವಿಷಯವನ್ನು ಬರೆಯಲು ನಮಗಾವ ಅಧಿಕಾರವಿದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವಿದ್ಯಾರ್ಥಿದೆಸೆಯಲ್ಲಿ ಬಾವಿಯಿಂದ ನೀರು ಸೇದಿದ್ದೇವೆ, ಹೂದೋಟಕ್ಕೆ ಪಾತಿ ಮಾಡಿದ್ದೇವೆ, ದಾಸೋಹಕ್ಕೆ ಬಂದ ಜೋಳದ ಚೀಲಗಳನ್ನು ಹೊತ್ತಿದ್ದೇವೆ. ಆ ಬಳಿಕ ನಲವತ್ತು ವರ್ಷಗಳ ಕಾಲ ನಾವು ಹೊತ್ತ ಭಾರವೆಂದರೆ ಪುಸ್ತಕಗಳ ಭಾರವೊಂದೇ. ತಾಳೆಯೋಲೆಗಳ ಮುಂದೆ ಕುಳಿತ ಶರೀರವು ಮೆಲ್ಲಮೆಲ್ಲನೆ ಕುಳಿತುಕೊಳ್ಳುವುದಕ್ಕೆ ಮಾತ್ರ ಯೋಗ್ಯವಾಗುತ್ತ ಬಂದಿತು. ಅರವತ್ತು ಕಳೆದ ಮೇಲೆ ರಕ್ತದಲ್ಲಿ ಸಕ್ಕರೆಯ ಅಂಶ ಏರಿತು. ನಮ್ಮ ವೈದ್ಯರು ಹೃದಯವನ್ನು ಪರೀಕ್ಷಿಸಿ, ಇ.ಸಿ.ಜಿ. ತೆಗೆಸಿ, ಎಲ್ಲವೂ ಸರಿಯಾಗಿದೆ ಎಂದು ಖಾತರಿ ಮಾಡಿಕೊಂಡ ಬಳಿಕ, "ದಿನಾ ಅಡ್ಡಾಡ್ತೀರಿ, ಅದು ಛಲೋ. ಅದರಾಗ ಸ್ವಲ್ಪ ಸ್ವಲ್ಪ ಓಟ ಸೇರಿಸ್ರಿ ಗುರುಗಳ, ತೊಡಿ ಸಣ್ಣ ಆಗ್ಯಾವ" ಎಂದರು.

ಆ ಕೊನೆಯ ಮಾತು ನಮ್ಮನ್ನು ತಟ್ಟಿತು. ನಮ್ಮ ಹಿರಿಯ ಅಣ್ಣನವರು ಎಪ್ಪತ್ತರ ಹೊತ್ತಿಗೆ ಒಮ್ಮೆ ಹೊಲದಿಂದ ಬಂದು ತೊಡೆ ನೋಯುತ್ತದೆ ಎಂದು ಕುಳಿತರು. ಮನೆಯವರು ಪ್ರೀತಿಯಿಂದ ಅವರನ್ನು ಮತ್ತೆ ಏಳಗೊಡಲಿಲ್ಲ. ನೀರು ಬೇಕೆಂದರೆ ಕುಳಿತಲ್ಲಿಗೆ ನೀರು, ಊಟಕ್ಕೆಂದರೆ ಕುಳಿತಲ್ಲಿಗೆ ಗಂಗಾಳ. ಎರಡು ವರ್ಷಗಳಲ್ಲಿ ಅವರ ಕಾಲುಗಳು ಕೋಲಿನಂತಾದವು, ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಎಲುಬು ಮುರಿದರು, ಮತ್ತೆ ನಡೆಯಲಿಲ್ಲ. ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯುಗಳು ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತ ಹೋಗುತ್ತವೆ, ಅರವತ್ತರ ನಂತರ ಇನ್ನೂ ವೇಗವಾಗಿ, ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಬಳಸದಿದ್ದರೆ ಈ ಕರಗುವಿಕೆಗೆ ತಡೆಯೇ ಇಲ್ಲ. ನಮ್ಮ ಮನೆತನಗಳಲ್ಲಿ ಹಿರಿಯರಿಗೆ ತೋರುವ ಗೌರವದ ಬಹುಪಾಲು ಅವರನ್ನು ಕೂಡಿಸಿಬಿಡುವುದರಲ್ಲಿಯೇ ಮುಗಿಯುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು; ಆದರೂ ಹೇಳಬೇಕಾಗಿದೆ.

ವೈದ್ಯರು ಹೇಳಿದ ಅಳತೆ ಬಹಳ ಸಣ್ಣದು. ಒಂದು ನಿಮಿಷ ನಿಧಾನವಾದ ಓಟ, ಎರಡು ನಿಮಿಷ ನಡಿಗೆ, ಹೀಗೆ ಒಟ್ಟು ಇಪ್ಪತ್ತು ನಿಮಿಷ. ಓಟವೆಂದರೆ ಮಕ್ಕಳು ಓಡುವ ಓಟವಲ್ಲ. ಪಕ್ಕದವರೊಡನೆ ಮಾತನಾಡುತ್ತ ಸಾಗಬಹುದಾದಷ್ಟೇ ಗತಿ. ಆ ಅಳತೆಯನ್ನು ನಾವು ಮೀರಲಿಲ್ಲ. ಆದರೆ ಧಾರವಾಡದ ದಾರಿಗಳು ಸಮತಟ್ಟಾದುವಲ್ಲವೆಂಬುದು ಈ ಊರನ್ನು ಬಲ್ಲವರಿಗೆ ತಿಳಿದೇ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಕಡೆಗೆ ಹೋಗುವಾಗ ಏರು, ಬರುವಾಗ ಇಳಿಜಾರು. ಏರಿನಲ್ಲಿ ಉಸಿರು ಕಟ್ಟಿತು; ಇಳಿಜಾರಿನಲ್ಲಿ ಕಾಲುಗಳು ತಾವೇ ಓಡಿದವು. ಇದು ಶನಿವಾರದ ಮಾತು. ರವಿವಾರ ಬಿಗಿತ, ಸೋಮವಾರ ನೋವು. ಸೋಮವಾರ ಬೆಳಿಗ್ಗೆ ಪೂಜೆಗೆ ಮಣೆಯ ಮೇಲೆ ಕಾಲು ಮಡಚಿ ಕುಳಿತುಕೊಳ್ಳುವುದೇ ಕಷ್ಟವಾಯಿತು; ಕುಳಿತ ಮೇಲೆ ಏಳುವುದು ಅದಕ್ಕಿಂತ ಕಷ್ಟವಾಯಿತು. ಗೋಡೆಯನ್ನು ಹಿಡಿದು ಏಳುತ್ತಿದ್ದುದನ್ನು ನಮ್ಮ ಅಕ್ಕನವರು ನೋಡಿದರು. ಎಪ್ಪತ್ನಾಲ್ಕು ವರ್ಷದ ಅವರ ನಾಲಗೆಗೆ ಇನ್ನೂ ಮುಪ್ಪು ಬಂದಿಲ್ಲ. "ತಮ್ಮಾ, ಓಡ್ಲಿಕ್ಕೆ ನೀ ಏನ್ ಸಣ್ಣ ಹುಡುಗನೇನು? ಕಾಲು ಮುರಕೊಂಡ್ರ ಯಾರು ನೋಡ್ಬೇಕು? ಸುಮ್ನ ಕುಂದ್ರು" ಎಂದರು.

ಸುಮ್ಮನೆ ಕುಳಿತುಕೊಳ್ಳುವುದೋ ಬುಧವಾರ ಮತ್ತೆ ಹೊರಡುವುದೋ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ. ಅಣ್ಣನವರ ಕಥೆಯನ್ನು ಕಣ್ಣಾರೆ ಕಂಡಿದ್ದುದರಿಂದ ಅದು ನಮಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಅಂದು ಸಂಜೆ ನೆರೆಮನೆಯ ನಿವೃತ್ತ ವಿಜ್ಞಾನ ಶಿಕ್ಷಕರು ಬಂದರು. "ಸ್ನಾಯುವಿನ್ಯಾಗ ಆಮ್ಲ ಕೂಡ್ಯದ ಗುರುಗಳ, ಲಿಂಬಿಹಣ್ಣಿನ ಪಾನಕ ಕುಡೀರಿ, ತೊಳಕೊಂಡು ಹೋಗ್ತದ" ಎಂದರು. ಪಾನಕವನ್ನು ಕುಡಿದೆವು, ರುಚಿಯಾಗಿತ್ತು. ಅವರು ಹೇಳಿದ್ದು ಅವರೊಬ್ಬರ ಮಾತಲ್ಲ. ಮೂರು ತಲೆಮಾರಿನ ವ್ಯಾಯಾಮ ಶಿಕ್ಷಕರು ಅದನ್ನೇ ಕಲಿಸಿದ್ದಾರೆ. ಸ್ನಾಯುಗಳು ದುಡಿಯುವಾಗ ಲ್ಯಾಕ್ಟಿಕ್ ಆಮ್ಲ ಉಂಟಾಗುವ ಬಗೆಯನ್ನು ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್ ಮತ್ತು ಜರ್ಮನಿಯ ಒಟ್ಟೋ ಮೇಯರ್‌ಹಾಫ್ ಎಂಬ ವಿಜ್ಞಾನಿಗಳು ಅಧ್ಯಯನ ಮಾಡಿ 1922ನೆಯ ಸಾಲಿನ ನೊಬೆಲ್ ಪಾರಿತೋಷಕವನ್ನು ಪಡೆದರು. ಅಂದಿನಿಂದ ಸ್ನಾಯುವಿನ ಎಲ್ಲ ಅಪರಾಧಗಳನ್ನೂ ಆ ಆಮ್ಲದ ತಲೆಗೆ ಕಟ್ಟುವುದು ರೂಢಿಯಾಯಿತು. ಆದರೆ ಓಟ ನಿಂತು ಒಂದು ಗಂಟೆಯಾಗುವಷ್ಟರಲ್ಲಿ ರಕ್ತದಲ್ಲಿ ಅದರ ಪ್ರಮಾಣ ಮೊದಲಿನಂತಾಗುತ್ತದೆ. ಶನಿವಾರ ಬೆಳಿಗ್ಗೆಯೇ ಹೊರಟುಹೋದವನನ್ನು ಸೋಮವಾರದ ಕಳವಿಗೆ ಹೊಣೆಮಾಡುವುದು ಹೇಗೆ?

1983ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯವನ್ನು ಬಹಳ ಸರಳವಾಗಿ ತೋರಿಸಿತು. ಚಲಿಸುವ ಪಟ್ಟಿಯ ಯಂತ್ರದ ಮೇಲೆ ಅದೇ ಏಳು ಜನರನ್ನು ಒಮ್ಮೆ ಸಮತಟ್ಟಿನಲ್ಲಿಯೂ ಇನ್ನೊಮ್ಮೆ ಶೇಕಡಾ 10ರ ಇಳಿಜಾರಿನಲ್ಲಿಯೂ 45 ನಿಮಿಷ ಓಡಿಸಿದರು. ಸಮತಟ್ಟಿನ ಓಟದಲ್ಲಿ ರಕ್ತದ ಲ್ಯಾಕ್ಟಿಕ್ ಆಮ್ಲ ಏರಿತು. ಆದರೆ ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಆಮ್ಲ ಏರಲಿಲ್ಲ. ನೋವು ಮಾತ್ರ ಚೆನ್ನಾಗಿಯೇ ಬಂದಿತು. ಈ ಪ್ರಯೋಗದ ವಿವರವನ್ನು ಓದಿದಾಗ ನಮ್ಮ ಸೋಮವಾರದ ತೊಡೆಗಳ ಅರ್ಥವೆಲ್ಲ ಬಿಚ್ಚಿಕೊಂಡಂತಾಯಿತು. ವಿಶ್ವವಿದ್ಯಾಲಯದ ಗುಡ್ಡವನ್ನು ಏರಿದ್ದಲ್ಲ, ಇಳಿದದ್ದು.

ಇಳಿಯುವುದು ಏರುವುದಕ್ಕಿಂತ ಸುಲಭವೆಂದು ಉಸಿರು ಹೇಳುತ್ತದೆ. ಸ್ನಾಯು ಹಾಗೆ ಹೇಳುವುದಿಲ್ಲ. ಜೋಳದ ಚೀಲವನ್ನು ಎತ್ತುವಾಗ ತೋಳಿನ ಸ್ನಾಯು ಮೊಟಕಾಗುತ್ತ ದುಡಿಯುತ್ತದೆ. ಅದೇ ಚೀಲವನ್ನು ಧೊಪ್ಪನೆ ಕೆಡವದೆ ಮೆಲ್ಲನೆ ಇಳಿಸುವಾಗ ಸ್ನಾಯು ಉದ್ದವಾಗುತ್ತ ದುಡಿಯಬೇಕು. ಭಾರವನ್ನು ಹಿಡಿದುಕೊಂಡೇ ತಾನು ಸಡಿಲಬೇಕು. ಇಳಿಜಾರಿನಲ್ಲಿ ಓಡುವವನ ತೊಡೆಯ ಮುಂಭಾಗ ಹೆಜ್ಜೆಹೆಜ್ಜೆಗೂ ಈ ಎರಡನೆಯ ಬಗೆಯ ಕೆಲಸವನ್ನು ಮಾಡುತ್ತದೆ. ಓಡುವಾಗ ನೆಲಕ್ಕೆ ತಾಗುವ ಪಾದದ ಮೇಲೆ ಶರೀರದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಸಮತಟ್ಟಿನ ಓಟದಲ್ಲಿಯೂ ಈ ಕೆಲಸ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಆದುದರಿಂದಲೇ ಸೈಕಲ್ ತುಳಿದು ರೂಢಿಯಿದ್ದವರಿಗೂ ಮೊದಲ ಓಟದ ನಂತರ ಕಾಲು ಹಿಡಿದುಕೊಳ್ಳುತ್ತದೆ.

ಹೀಗೆ ರೂಢಿಯಿಲ್ಲದ ಕೆಲಸ ಬಿದ್ದಾಗ ಸ್ನಾಯುವಿನ ಸೂಕ್ಷ್ಮವಾದ ಎಳೆಗಳಲ್ಲಿ ಅಲ್ಲಲ್ಲಿ ಬಿರುಕುಗಳಾಗುತ್ತವೆ. 1902ರಷ್ಟು ಹಿಂದೆಯೇ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ ಈ ತಡವಾದ ನೋವು ಬಳಲಿಕೆಯ ನೋವಲ್ಲ, ಸ್ನಾಯುವಿನೊಳಗಿನ ಸಣ್ಣ ಹರಿತದ ನೋವು ಎಂದು ಊಹಿಸಿದ್ದನು. 1981ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಮೆಟ್ಟಿಲುಗಳನ್ನು ಇಳಿದು ನೋವು ತಂದುಕೊಂಡವರ ಕಾಲಿನಿಂದ ಸ್ನಾಯುವಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಳೆಗಳ ಅಚ್ಚುಕಟ್ಟಾದ ಸಾಲುಗಳು ಕೆಲವೆಡೆ ಅಸ್ತವ್ಯಸ್ತವಾಗಿದ್ದುದು ಕಂಡಿತು. ಆದರೆ ಈ ಬಿರುಕುಗಳಾದ ಕ್ಷಣದಲ್ಲಿ ನೋವು ಬರುವುದಿಲ್ಲ. ಅವನ್ನು ದುರಸ್ತಿ ಮಾಡಲು ಶರೀರವು ತನ್ನ ಆಳುಗಳನ್ನು ಕಳುಹಿಸುತ್ತದೆ. ಅಲ್ಲಿ ನೀರು ತುಂಬಿ ಸ್ವಲ್ಪ ಬಾವು ಬರುತ್ತದೆ. ಸುತ್ತಲಿನ ನರದ ತುದಿಗಳು ಎಚ್ಚರಗೊಳ್ಳುತ್ತವೆ. ಇದಕ್ಕೆಲ್ಲ ಹೊತ್ತು ಬೇಕು. ಆದುದರಿಂದ ನೋವು 12ರಿಂದ 24 ಗಂಟೆಗಳಲ್ಲಿ ಆರಂಭವಾಗಿ, ಎರಡನೆಯ ಅಥವಾ ಮೂರನೆಯ ದಿನ ತುದಿಗೇರಿ, ಐದಾರು ದಿನಗಳಲ್ಲಿ, ಹೆಚ್ಚೆಂದರೆ ಒಂದು ವಾರದಲ್ಲಿ ಇಳಿದುಹೋಗುತ್ತದೆ. ಮನೆಯನ್ನು ದುರಸ್ತಿ ಮಾಡುವವರು ಬಂದಾಗ ಧೂಳೂ ಸದ್ದೂ ಎದ್ದಂತೆ ಇದು. ನೋವಿನ ಪ್ರಮಾಣವು ಬಿರುಕಿನ ಪ್ರಮಾಣಕ್ಕೆ ಸರಿಯಾಗಿರುವುದಿಲ್ಲವೆಂಬುದೂ ಈಗ ತಿಳಿದಿದೆ. ಬಹಳ ನೊಂದವನಿಗೆ ಬಹಳ ಹಾನಿಯಾಗಿದೆ ಎಂದೇನೂ ಅಲ್ಲ.

ಈ ವಿವರಗಳಿಗಿಂತ ನಮಗೆ ಹೆಚ್ಚು ಸಮಾಧಾನ ತಂದ ಇನ್ನೊಂದು ಸಂಗತಿಯಿದೆ. ಒಮ್ಮೆ ಹೀಗೆ ನೊಂದು ಗುಣವಾದ ಸ್ನಾಯುವಿಗೆ ಅದೇ ಕೆಲಸವನ್ನು ಒಂದೆರಡು ವಾರಗಳಲ್ಲಿ ಮತ್ತೆ ಕೊಟ್ಟರೆ ನೋವು ಬಹಳ ಕಡಿಮೆಯಾಗುತ್ತದೆ. ಒಂದೇ ಒಂದು ಸಲದ ಅಭ್ಯಾಸದಿಂದ ಬಂದ ಈ ರಕ್ಷಣೆ ಹಲವು ವಾರಗಳವರೆಗೆ, ಕೆಲವು ವೇಳೆ ತಿಂಗಳುಗಳವರೆಗೆ, ಉಳಿಯುತ್ತದೆಂದು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಅಂದರೆ ಎರಡನೆಯ ದಿನದ ನೋವಿಗೆ ನಿಜವಾದ ಔಷಧವು ಎರಡನೆಯ ಸಲದ ಓಟ. ನೋವಿಗೆ ಹೆದರಿ ಕುಳಿತವನು ಮೂರು ತಿಂಗಳು ಬಿಟ್ಟು ಮತ್ತೆ ಆರಂಭಿಸಿದರೆ ಬಹುಮಟ್ಟಿಗೆ ಅದೇ ನೋವಿನಿಂದಲೇ ಆರಂಭಿಸಬೇಕಾಗುತ್ತದೆ. ಸುಂಕವನ್ನು ತೆತ್ತು ಊರನ್ನು ಪ್ರವೇಶಿಸದೆ ಹಿಂದಿರುಗಿದಂತೆ.

ವಿಜ್ಞಾನಿಗಳು ಹೇಳುವುದಕ್ಕೆ ಮುಂಚೆಯೇ ನಮ್ಮ ಜನ ಇದನ್ನು ಅರಿತಿದ್ದರು. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಗುಂಪುಗಳನ್ನು ಓದುಗರು ನೋಡಿದ್ದೀರಿ. ಅನೇಕರು ಸ್ವತಃ ನಡೆದಿದ್ದೀರಿ. ಪ್ರಾಯದಲ್ಲಿ ನಾವೂ ಎರಡು ಸಲ ನಡೆದಿದ್ದೇವೆ. ಮೊದಲ ಸಲದವರ ಕಾಲುಗಳು ಎರಡನೆಯ, ಮೂರನೆಯ ಬೀಡಿನಲ್ಲಿ ಕಟ್ಟಿಗೆಯಂತಾಗುತ್ತವೆ. ದಾರಿಯ ಊರುಗಳವರು ಬಿಸಿನೀರು ಕಾಯಿಸಿ ಕೊಡುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಉಣಿಸುತ್ತಾರೆ. ಹಳಬರು ಮಾತ್ರ ಹೊಸಬರನ್ನು ಮಲಗಗೊಡುವುದಿಲ್ಲ. ಬೆಳಗಿನ ಜಾವ ಎಬ್ಬಿಸಿ ನಿಧಾನವಾಗಿ ನಡೆಸುತ್ತಾರೆ. ನಾಲ್ಕೈದು ದಿನಗಳಾಗುವಷ್ಟರಲ್ಲಿ, ನಡಿಗೆ ನಿಲ್ಲದಿದ್ದರೂ, ನೋವು ನಿಲ್ಲುತ್ತದೆ. ಆಮೇಲೆ ನಲ್ಲಮಲದ ಕಾಡನ್ನು ಹೊಕ್ಕು ಭೀಮನ ಕೊಳ್ಳಕ್ಕೆ ಇಳಿಯುವಾಗ, ಅಷ್ಟು ದಿನಗಳ ಸಮತಟ್ಟಿನ ನಡಿಗೆಗೆ ಪಳಗಿದ ಕಾಲುಗಳೇ ಮರುದಿನ ಮತ್ತೆ ಹೊಸದಾಗಿ ನೋಯುತ್ತವೆ. ಅಂದು ನಾವು ಇದನ್ನು ಕಾಡಿನ ಗಾಳಿಯ ಗುಣವೆಂದು ಕೇಳಿದ್ದೆವು! ಪಳಗುವಿಕೆಯೆಂಬುದು ಮಾಡಿದ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಸಮತಟ್ಟಿಗೆ ಪಳಗಿದ ತೊಡೆ ಇಳಿಜಾರಿಗೆ ಹೊಸದೇ.

ಗರಡಿಮನೆಗಳಲ್ಲಿಯೂ ಇದೇ ಕ್ರಮ. ಧಾರವಾಡದಲ್ಲಿ ನಮಗೆ ಪರಿಚಿತರಾದ ಒಬ್ಬ ಮುದಿ ವಸ್ತಾದರಿದ್ದಾರೆ. ಹೊಸ ಹುಡುಗ ಬಂದರೆ ಮೊದಲ ದಿನ ಇಪ್ಪತ್ತೇ ಬಸ್ಕಿ ಹೊಡೆಸುತ್ತಿದ್ದರಂತೆ. ಹುಡುಗ ಐವತ್ತು ಹೊಡೆಯುತ್ತೇನೆಂದರೂ ಬಿಡುತ್ತಿರಲಿಲ್ಲ. ಮರುದಿನ ಅವನು ಕಾಲೆಳೆಯುತ್ತ ಬಂದರೆ ಬಸ್ಕಿಯಿಲ್ಲ. ಗುದ್ದಲಿ ಕೊಟ್ಟು ಅಖಾಡದ ಕೆಮ್ಮಣ್ಣನ್ನು ಮೆಲ್ಲಗೆ ತಿರುವಿಹಾಕಲು ಹೇಳುತ್ತಿದ್ದರು. "ಬರಲಿಲ್ಲಂದ್ರ ಹುಡುಗ ಹೋದ. ಬಂದಾ ಅಂದ್ರ ಪೈಲ್ವಾನ ಆಗ್ತಾನ, ಶಾಸ್ತ್ರಿಗಳ" ಎಂದು ಅವರು ನಮಗೆ ಹೇಳಿದರು. ಓದಲು ಬರೆಯಲು ಬಾರದ ಅವರ ಈ ಪದ್ಧತಿಗೂ ಮೇಲೆ ಹೇಳಿದ ಸಂಶೋಧನೆಗಳಿಗೂ ಕೂದಲೆಳೆಯ ಅಂತರವೂ ಇಲ್ಲ.

ಬುಧವಾರ ನಾವು ಹೊರಟೆವು. ಓಡಲಿಲ್ಲ, ಕೆಲಗೇರಿ ಕೆರೆಯ ಕಡೆಗೆ ಅರ್ಧ ಗಂಟೆ ನಡೆದೆವು. ಮೊದಲ ಹತ್ತು ನಿಮಿಷ ತೊಡೆಗಳು ಗೊಣಗಿದವು, ಆಮೇಲೆ ಸಡಿಲಾದವು. ಶುಕ್ರವಾರ ಕಾಲೇಜಿನ ಮೈದಾನದ ಸಮತಟ್ಟಾದ ಮಣ್ಣಿನ ಮೇಲೆ ಮತ್ತೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅಂದಿನಿಂದ ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಓಡುತ್ತ ಬಂದಿದ್ದೇವೆ. ಓಡಬಹುದೋ ಇಲ್ಲವೋ ಎಂಬುದಕ್ಕೆ ನಮ್ಮದೊಂದು ಪರೀಕ್ಷೆಯಿದೆ: ಬೆಳಿಗ್ಗೆ ಅಟ್ಟದ ಮೆಟ್ಟಿಲುಗಳನ್ನು ಇಳಿದು ನೋಡುವುದು. ಕೈಯನ್ನು ಗೋಡೆಗೆ ಊರದೆ ಇಳಿಯಲು ಬಂದರೆ ಓಟ; ಬಾರದಿದ್ದರೆ ನಡಿಗೆ. ಮಲಗುವುದು ಮಾತ್ರ ಎರಡರಲ್ಲಿಯೂ ಇಲ್ಲ. ಐದನೆಯ ವಾರದಲ್ಲಿ ಓಟವನ್ನು ಎರಡು ನಿಮಿಷಕ್ಕೆ ಏರಿಸಿದೆವು. ಗುಡ್ಡದ ದಾರಿಗೆ ಮರಳಿದ್ದು ಎರಡು ತಿಂಗಳ ನಂತರ. ಇಳಿಜಾರನ್ನು ನಡೆದೇ ಇಳಿದು, ಪ್ರತಿ ವಾರ ಸ್ವಲ್ಪ ಸ್ವಲ್ಪವಾಗಿ ಓಟವನ್ನು ಸೇರಿಸಿದೆವು. ಮೊದಲ ಶನಿವಾರದ ಅಂಥ ನೋವು ಮತ್ತೆ ಬರಲಿಲ್ಲ.

ಉಪಚಾರಗಳ ವಿಷಯ ಮನೆಮನೆಗೂ ಒಂದೊಂದಿದೆ. ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ತೊಡೆ, ಮೀನಖಂಡಗಳಿಗೆ ಮೆಲ್ಲಗೆ ನೀವಿದರೆ ಹಿತವಾಗುತ್ತದೆ. ನೀವುವಿಕೆಯಿಂದ ಈ ನೋವು ಸ್ವಲ್ಪ ಕಡಿಮೆಯಾಗುವುದನ್ನು ಪ್ರಯೋಗಗಳೂ ಒಪ್ಪುತ್ತವೆ. ಬಿಸಿನೀರಿನ ಸ್ನಾನವೂ ಹಿತವೇ. ಆದರೆ ಸಕ್ಕರೆಯ ಕಾಯಿಲೆಯುಳ್ಳವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ಅವರು ಪಾದವನ್ನು ಬಿಸಿನೀರಿನಲ್ಲಿ ಇಳಿಬಿಡುವ ಮೊದಲು ಮೊಣಕೈಯಿಂದ ನೀರನ್ನು ಪರೀಕ್ಷಿಸಬೇಕು, ಇಲ್ಲವೇ ಬೇರೊಬ್ಬರಿಂದ ಪರೀಕ್ಷೆ ಮಾಡಿಸಬೇಕು. ಅರಿಯದೆ ಸುಟ್ಟ ಪಾದ ತಿಂಗಳುಗಟ್ಟಲೆ ಮಾಯದು. ಓಟದ ಮೊದಲು, ನಂತರ ಕಾಲುಗಳನ್ನು ಎಳೆದು ಚಾಚುವುದರಿಂದ ನೋವು ಬರುವುದಿಲ್ಲವೆಂಬ ನಂಬಿಕೆ ಬಹಳ ವ್ಯಾಪಕವಾಗಿದೆ. 2011ರಲ್ಲಿ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದವರು ಅದರಿಂದ ನೋವು ಕಡಿಮೆಯಾಗುವುದು ಲೆಕ್ಕಕ್ಕೆ ಬಾರದಷ್ಟು ಎಂದು ಕಂಡರು. ಚಾಚುವುದರಿಂದ ಬೇರೆ ಪ್ರಯೋಜನಗಳಿರಬಹುದು. ಈ ನೋವಿಗೆ ಅದು ಮದ್ದಲ್ಲ. ಬದಲಿಗೆ ಮೊದಲ ಐದು ಹತ್ತು ನಿಮಿಷ ನಡೆದು ಮೈಯನ್ನು ಬೆಚ್ಚಗೆ ಮಾಡಿಕೊಂಡು ಆಮೇಲೆ ಓಡುವುದು ಒಳಿತು.

ನೋವಿನ ಗುಳಿಗೆಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಔಷಧದಂಗಡಿಯ ಹುಡುಗನೇ ವೈದ್ಯನಾಗಿದ್ದಾನೆ. ಅವನು ಹರಿದುಕೊಟ್ಟ ಪಟ್ಟಿಯಿಂದ ಎರಡೆರಡು ಗುಳಿಗೆ ನುಂಗುವ ಹಿರಿಯರನ್ನು ಕಂಡಿದ್ದೇವೆ. ಬಾವಿಳಿಸುವ ನೋವುನಿವಾರಕಗಳು ಅರವತ್ತು ದಾಟಿದವರ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವನ್ನು ತರಬಲ್ಲವು. ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವರಿಗಂತೂ ಎಚ್ಚರ ಇಮ್ಮಡಿ ಬೇಕು. ಐದು ದಿನಗಳಲ್ಲಿ ತಾನೇ ಹೋಗುವ ನೋವಿಗೆ ಮೂತ್ರಪಿಂಡವನ್ನು ಒತ್ತೆಯಿಡುವುದು ಯಾವ ಜಾಣತನ? ಇನ್ನೊಂದು ಮಾತು: ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಗುಳಿಗೆಗಳಿಂದಲೂ ಕೆಲವರಿಗೆ ಸ್ನಾಯುನೋವು ಬರುವುದುಂಟು. ಅಂಥವರು ಗುಳಿಗೆಯನ್ನು ತಾವಾಗಿ ನಿಲ್ಲಿಸದೆ, ಓಟವನ್ನು ಆರಂಭಿಸಿದ್ದೇವೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ಊಟದ ಮಾತನ್ನು ಉದ್ದ ಮಾಡುವುದಿಲ್ಲ. ದುರಸ್ತಿಗೆ ಸಾಮಗ್ರಿ ಬೇಕು. ಸಸ್ಯಾಹಾರದ ಮನೆಗಳಲ್ಲಿ ಮುದುಕರ ಊಟ ಬರಬರುತ್ತ ಅನ್ನ ಸಾರಿಗೆ ಇಳಿದುಬಿಡುತ್ತದೆ. ಕಾಳುಪಲ್ಯ, ಬೇಳೆ, ಮೊಸರು, ಹಾಲು, ಶೇಂಗಾ ಹಿಂಡಿ ಇವು ರೊಟ್ಟಿಯ ಜೊತೆಗೆ ಎರಡು ಹೊತ್ತೂ ಇರಬೇಕು. ರಾತ್ರಿ ನಿದ್ರೆ ಚೆನ್ನಾಗಿರಬೇಕು. ಚಪ್ಪಲಿಯಲ್ಲಿ ಓಡಬಾರದು, ಹಿಮ್ಮಡಿಗೆ ಮೆತ್ತನೆಯ ಆಸರೆಯಿರುವ ಬೂಟು ಬೇಕು. ಸಕ್ಕರೆಯವರು ಓಡಿ ಬಂದ ಬಳಿಕ ಅಂಗಾಲನ್ನು ಬೊಕ್ಕೆಗಾಗಿ ನೋಡಿಕೊಳ್ಳಬೇಕು. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಓಟದಿಂದ ಸಕ್ಕರೆ ಒಮ್ಮೆಲೆ ಇಳಿಯುವ ಸಂಭವವಿರುವುದರಿಂದ ಜೇಬಿನಲ್ಲಿ ಒಂದು ಚೂರು ಬೆಲ್ಲವೋ ಸಕ್ಕರೆಯೋ ಇರಲಿ.

ಎಲ್ಲ ನೋವೂ ಈ ಜಾತಿಯದಲ್ಲ. ಎರಡನೆಯ ದಿನದ ನೋವು ಎರಡೂ ಕಾಲುಗಳಲ್ಲಿ ಹೆಚ್ಚು ಕಡಿಮೆ ಸಮವಾಗಿ, ಸ್ನಾಯುವಿನ ದಪ್ಪಭಾಗದಲ್ಲಿ ಹರಡಿಕೊಂಡಿರುತ್ತದೆ. ಒತ್ತಿದರೆ ನೋಯುತ್ತದೆ, ಸ್ವಲ್ಪ ಅಡ್ಡಾಡಿದರೆ ಸಡಿಲವಾಗುತ್ತದೆ. ಓಡುತ್ತಿರುವಾಗಲೇ ಚಾಟಿ ಬೀಸಿದಂತೆ ಒಂದೆಡೆ ಚುಚ್ಚಿದರೆ ಅದು ಬೇರೆ. ಕೀಲಿನೊಳಗೆ ನೋವು, ಕೀಲು ಬಾತುಕೊಳ್ಳುವುದು, ಎಲುಬಿನ ಒಂದು ಬಿಂದುವಿನಲ್ಲಿ ದಿನದಿಂದ ದಿನಕ್ಕೆ ಹೆಚ್ಚುವ ನೋವು, ಇವು ಬೇರೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಸ್ನಾಯುಗಳು ವಿಪರೀತ ನೋಯುತ್ತ ಬಲಹೀನವಾಗಿ, ಮೂತ್ರವು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ದ್ರವ್ಯ ಮೂತ್ರಪಿಂಡವನ್ನು ಕಟ್ಟಿಬಿಡುವ ಅಪೂರ್ವವಾದ ಸ್ಥಿತಿ ಅದು. ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಹೇಳುವುದೇನಿದೆ. ನಿಂತು ಸಹಾಯಕ್ಕೆ ಕೂಗಬೇಕು. ಒಂದು ವಾರ ಕಳೆದರೂ ಇಳಿಯದ ಯಾವ ನೋವನ್ನೂ ತೋರಿಸಿಕೊಳ್ಳಬೇಕು. ನಲವತ್ತು ದಾಟಿದವರು, ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆಯುಳ್ಳವರು ಮೊದಲ ಹೆಜ್ಜೆಗೆ ಮುಂಚೆಯೇ ವೈದ್ಯರ ಒಪ್ಪಿಗೆ ಪಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅರವತ್ತರಲ್ಲಿ ಓಟವೇ ಎಂದು ನಗುವವರಿಗೆ ಪಂಜಾಬಿನ ಫೌಜಾ ಸಿಂಗರ ಹೆಸರನ್ನು ನಾವು ಹೇಳುತ್ತೇವೆ. ಮಡದಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ, ಎಂಬತ್ತು ದಾಟಿದ ಮೇಲೆ ಅವರು ಓಟಕ್ಕಿಳಿದರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ನಿನ 42 ಕಿಲೋಮೀಟರ್ ಮ್ಯಾರಥಾನ್ ಓಟವನ್ನು ಪೂರ್ಣಗೊಳಿಸಿದರು. 2011ರಲ್ಲಿ ನೂರು ವರ್ಷದವರಾಗಿ ಟೊರಾಂಟೊ ನಗರದಲ್ಲಿ ಓಡಿದರು. ಜನನದ ದಾಖಲೆ ಇಲ್ಲದ ಕಾರಣ ಗಿನ್ನೆಸ್ ಪುಸ್ತಕದವರು ಆ ವಯಸ್ಸನ್ನು ಒಪ್ಪಲಿಲ್ಲ. ನಮ್ಮ ಹಳ್ಳಿಗಳ ಮುದುಕರಲ್ಲಿ ಎಷ್ಟು ಜನರ ಬಳಿ ಅಂಥ ಕಾಗದವಿದೆ? 2025ರ ಜುಲೈ ತಿಂಗಳಿನಲ್ಲಿ ತಮ್ಮ ಊರಿನ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ಅವರು ತೀರಿಕೊಂಡರು. ವಯಸ್ಸು 114 ಎಂದು ಪತ್ರಿಕೆಗಳು ಬರೆದವು. ಅವರಂತೆ ಓಡಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ನಮಗೂ ಆ ಆಸೆಯಿಲ್ಲ. ಎಂಬತ್ತು ದಾಟಿದ ಸ್ನಾಯುವೂ ಹೊಸ ಕೆಲಸವನ್ನು ಕಲಿಯಬಲ್ಲದೆಂಬುದಕ್ಕೆ ಅವರು ಸಾಕ್ಷಿ, ಅಷ್ಟೇ.

ನಮ್ಮ ಮಾತಿರಲಿ. ಈಚೆಗೆ ನಮ್ಮ ಓಣಿಯ ಮೂವರು ಮೈದಾನಕ್ಕೆ ಜೊತೆಗೂಡಿದ್ದಾರೆ. ವಿಜ್ಞಾನ ಶಿಕ್ಷಕರೂ ಅವರಲ್ಲೊಬ್ಬರು. ಪಾನಕದ ಮಾತನ್ನು ಅವರು ಈಗ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಅಕ್ಕನವರು ಓಟಕ್ಕೆ ಬಂದಿಲ್ಲ, ಬರುವವರೂ ಅಲ್ಲ. ಆದರೆ ಕಳೆದ ತಿಂಗಳು, ಯಾರಿಗೂ ಹೇಳದೆ, ಮಧ್ಯಾಹ್ನದ ಹೊತ್ತು ಅಟ್ಟದ ಮೆಟ್ಟಿಲುಗಳನ್ನು ದಿನಕ್ಕೆ ಐದು ಸಲ ಕಟಕಟೆ ಹಿಡಿದು ಏರಿ ಇಳಿಯಲು ಆರಂಭಿಸಿದ್ದಾರೆಂದು ಸೊಸೆಯಿಂದ ತಿಳಿಯಿತು. ಮರುದಿನ ಊಟಕ್ಕೆ ಕುಳಿತಾಗ ತೊಡೆಯನ್ನು ಒತ್ತಿಕೊಳ್ಳುತ್ತ, "ತಮ್ಮಾ, ಇದು ನಾಳೆ ಇನ್ನೂ ಹೆಚ್ಚಾಗ್ತದೇನು?" ಎಂದು ಕೇಳಿದರು. ಹೆಚ್ಚಾಗುತ್ತದೆ, ನಾಡಿದ್ದಿನಿಂದ ಇಳಿಯುತ್ತದೆ ಎಂದೆವು. "ಹಂಗಾದ್ರ ನಾಳೆ ಎರಡ ಸಲ ಸಾಕು" ಎಂದು ಹೇಳಿ ಅವರು ನಮ್ಮ ಗಂಗಾಳಕ್ಕೆ ಇನ್ನೊಂದು ಸೌಟು ಕಾಳುಪಲ್ಯ ಹಾಕಿದರು.